ಅಪಾ ಆರಿಸಿದ ಕಾರ್ಡು

ನನ್ನ ಅತ್ತೆಗೆ ಕ್ಯಾನ್ಸರ್ ಎಂಬುದು ಶಿಮ್ಕೆಂತ್ ನಗರದ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅತ್ತೆಯೊಬ್ಬಳನ್ನು ಬಿಟ್ಟು. ನಮ್ಮಲ್ಲಿ ಹಾಗೆಯೇ. ಡಾಕ್ಟರು ರೋಗಿಯನ್ನು ಹೊರಗೆ ಕೂರಿಸಿ ಮನೆಯವರನ್ನು ಒಳಗೆ ಕರೆಯುತ್ತಾರೆ. ಹೆಸರು ಕೇಳಿದರೇ ಮನುಷ್ಯ ಅರ್ಧ ಸಾಯುತ್ತಾನೆ ಎಂದು ಎಲ್ಲರೂ ನಂಬಿದ್ದೇವೆ. ಡಾಕ್ಟರು ನಮಗೆ ಹೇಳಿದ ದಿನ ಸಂಜೆ ಮಾವ ರೊಟ್ಟಿಯನ್ನು ಮುಂದಿಟ್ಟು, ನನ್ನಿಂದ, ನನ್ನ ಗಂಡ ಮರ್ಗುಲಾನನಿಂದ, ಅದನ್ನು ಮುಟ್ಟಿಸಿ, ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡದಾದ ಆಣೆ ಹಾಕಿಸಿದರು. ಅವಳಿಗೆ ಇರುವುದು ಹೊಟ್ಟೆ ಹುಣ್ಣು, ಅಷ್ಟೇ.

ಮೂರು ತಿಂಗಳು ನಾವು ಕಳ್ಳರ ಹಾಗೆ ಬದುಕಿದೆವು. ಆಸ್ಪತ್ರೆಯ ಕಾಗದಗಳು ಪಕ್ಕದ ಮನೆಯ ಹಿಟ್ಟಿನ ಡಬ್ಬದ ಹಿಂದೆ. ಮಾತ್ರೆಗಳು ವಿಟಮಿನ್ ಸೀಸೆಯೊಳಗೆ. ವಾರಕ್ಕೊಮ್ಮೆ ಸೂಜಿ ಹಾಕುವ ನರ್ಸ್ ನಮ್ಮ ದೂರದ ನೆಂಟಳು, ಅವಳ ಬಾಯಿಗೂ ಬೀಗ. ಅತ್ತೆ ಕೆಮ್ಮಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು, ಸುಮ್ಮನಿದ್ದರೆ ಇನ್ನೂ ಜಾಸ್ತಿ.

ಇಷ್ಟೆಲ್ಲ ಮಾಡಿದ ಬುದ್ಧಿವಂತರು ನಾವು, ಒಂದನ್ನು ಮರೆತಿದ್ದೆವು. ಅದು ನೆನಪಾದದ್ದು ಬ್ಯಾಂಕಿನ ಕುರ್ಚಿಯಲ್ಲಿ ಕೂತ ಮೇಲೆ.

ಅತ್ತೆಯ ಹಳೆಯ ಕ್ರೆಡಿಟ್ ಕಾರ್ಡಿನ ಅವಧಿ ಮುಗಿದಿತ್ತು. ಹೊಸದರಲ್ಲಿ ಯಾವುದಾದರೂ ಒಂದು ಬಗೆಯ ಖರ್ಚನ್ನು ಆರಿಸಿಕೊಂಡರೆ ಅದರಲ್ಲಿ ಹತ್ತನೇ ಒಂದು ಪಾಲು ವಾಪಸು ಬರುತ್ತದಂತೆ. ಈ ಸುದ್ದಿ ಕಿವಿಗೆ ಬಿದ್ದಾಗಿನಿಂದ ಅತ್ತೆ ನಿದ್ದೆಗೆಟ್ಟಿದ್ದಳು. ಅವಳು ಬಜಾರಿನಲ್ಲಿ ಒಂದು ಕಂತೆ ಕೊತ್ತಂಬರಿಗೂ ಕಾಲು ಗಂಟೆ ಚೌಕಾಸಿ ಮಾಡುವವಳು. ನೀಲಿ ಶಾಲು ಹೊದ್ದು, ನನ್ನನ್ನು ಎಳೆದುಕೊಂಡು ಬಂದಿದ್ದಳು.

ಮೇಜಿನಾಚೆ ಕೂತ ಅಯಿಮ್‌ಗುಲ್ ಎಂಬ ಹೆಂಗಸು, ನಮ್ಮಲ್ಲಿ ಹಿರಿಯ ಹೆಂಗಸರನ್ನೆಲ್ಲ ಕರೆಯುವಂತೆ ಅಪಾ ಎಂದು ಕರೆದು, ನಗುನಗುತ್ತ ಕೇಳಿದಳು. "ಅಪಾ, ನೀವು ಯಾವುದಕ್ಕೆ ಜಾಸ್ತಿ ಖರ್ಚು ಮಾಡ್ತೀರಿ?"

"ಮಾಂಸಕ್ಕೆ," ಎಂದಳು ಅತ್ತೆ. "ನಮ್ಮನೇಲಿ ಹಲ್ಲಿರೋರು ಮಾಂಸ ತಿಂತಾರೆ, ಹಲ್ಲಿಲ್ಲದೋರು ಸಾರು ಕುಡೀತಾರೆ. ಸುಮ್ನಿರೋರು ಯಾರೂ ಇಲ್ಲ. ಮಾಂಸದ್ದೇ ಬರ್ಕೋ."

"ಬರಿಯೋಕೆ ಮುಂಚೆ ಒಂದ್ಸಲ ನೋಡೇ ಬಿಡೋಣ. ನಿಮ್ಮ ಖಾತೇಲಿ ಎಲ್ಲೆಲ್ಲಿ ಹೋಗಿದೆ ಅಂತ ಇಲ್ಲೇ ಕಾಣ್ಸುತ್ತೆ."

ಆಗ ನೆನಪಾಯಿತು. ನಮ್ಮ ಮನೆಯಲ್ಲಿ ಯಾರು ಎಲ್ಲಿ ಏನು ಕೊಂಡರೂ ಅತ್ತೆಯ ಖಾತೆಯಿಂದಲೇ. ಕೊಂಡದ್ದಕ್ಕೆ ಬ್ಯಾಂಕು ವಾಪಸು ಕೊಡುವ ಬೋನಸ್ಸೆಲ್ಲ ಒಂದೇ ಕಡೆ ಸೇರಲಿ, ಮದುವೆ ಊಟಗಳಿಗೆ ಹೋಗುವಾಗ ಉಡುಗೊರೆ ಕೊಳ್ಳಲು ಬರುತ್ತದೆ ಎಂದು ಅವಳೇ ಮಾಡಿದ ಕಾನೂನು. ಮರ್ಗುಲಾನ್ ಔಷಧಿ ಅಂಗಡಿಯಲ್ಲೂ ಅಭ್ಯಾಸಬಲದಿಂದ ತಾಯಿಯ ಖಾತೆಯ ನಂಬರನ್ನೇ ಹೇಳುತ್ತ ಬಂದಿರಬೇಕು. ತಾಯಿಯಿಂದ ಮುಚ್ಚಿಡಬೇಕಾದ ಔಷಧಿಗೆ ತಾಯಿಯದೇ ಬೋನಸ್ಸು. ಆ ಕ್ಷಣ ಅವನು ಎದುರಿಗಿದ್ದರೆ ತಲೆಗೆ ಮೊಟಕುತ್ತಿದ್ದೆ.

"ಬೇಡ ಬಿಡಿ," ಎಂದೆ. "ಅಪಾ ಹೇಳಿದ್ದೇ ಸರಿ. ಮಾಂಸದ್ದೇ ಮಾಡಿ."

"ನಿನಗೇನವಸರ?" ಎಂದಳು ಅತ್ತೆ. "ಮನೇಲಿ ಹಾಲು ಉಕ್ತಾ ಇದ್ಯಾ?"

ಅಯಿಮ್‌ಗುಲ್ ಪರದೆಯನ್ನು ನಮ್ಮತ್ತ ತಿರುಗಿಸಿದಳು. "ನೋಡಿ ಅಪಾ, ಮಾಂಸ ಇಲ್ಲಿ ಇಲ್ವೇ ಇಲ್ಲ. ಬಜಾರಿನ ಕಸಾಯಿಯವ್ನು ನಿಮ್ಮ ಫೋನಿಂದ ಅವನ ಫೋನಿಗೆ ಹಾಕಿಸ್ಕೊಳ್ತಾನಲ್ಲ, ಅದು ಬ್ಯಾಂಕಿನ ಕಣ್ಣಿಗೆ ಮಾಂಸ ಅಲ್ಲ, ಯಾರೋ ಪರಿಚಯದೋರಿಗೆ ಕಳಿಸಿದ ಹಣ. ತರಕಾರಿದೂ ಅಷ್ಟೇ. ಅದೆಲ್ಲ ಬಿಟ್ರೆ ನಿಮ್ದು ಎಲ್ಲಕ್ಕಿಂತ ಮೇಲಿರೋದು ಔಷಧಿ."

"ಔಷಧಿ?"

"ಹೂಂ. ಸ್ಟೇಷನ್ ಹತ್ರದ ಅಂಗಡಿ. ವಾರವಾರ, ಮೂರು ತಿಂಗಳಿಂದ. ದೊಡ್ಡ ಮೊತ್ತಾನೇ."

ಅಂಗಡಿಯ ಹೆಸರಿನ ಕೆಳಗೆ ಔಷಧಿಯ ಹೆಸರೂ ಇದೆಯೇ? ನನ್ನ ಕಣ್ಣು ಮಂಜಾಗಿ ಅಕ್ಷರಗಳೇ ಕಾಣಲಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಮುಂದೆ ಬಾಗಿದಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಔಷಧಿಯ ಹೆಸರಿರಲಿಲ್ಲ, ತಾರೀಕುಗಳಿದ್ದವು, ಅಷ್ಟೇ.

"ಇದೇನೋ ತಪ್ಪಾಗಿದೆ," ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

ಅತ್ತೆ ನನ್ನನ್ನು ನೋಡಲೇ ಇಲ್ಲ. "ಔಷಧಿದೇ ಮಾಡು, ಮಗಳೇ," ಎಂದಳು ಅಯಿಮ್‌ಗುಲ್‌ಗೆ.

"ಒಂದ್ಸಲ ಆರ್ಸಿದ್ರೆ ಒಂದು ವರ್ಷ ಬದ್ಲಾಯಿಸೋಕಾಗಲ್ಲ, ಅಪಾ."

"ವರ್ಷವೆಲ್ಲ ಬೇಕಾಗ್ಲಿ ಅಂತ ದೇವರನ್ನ ಕೇಳ್ಕೋತೀನಿ," ಎಂದು ಸಹಿ ಹಾಕಿದಳು.

ಹೊರಗೆ ಬಂದು ಅತ್ತೆ ಬಸ್ ನಿಲ್ದಾಣದತ್ತ ಬಿರಬಿರನೆ ನಡೆದಳು. ದಾರಿಯಲ್ಲಿ ದ್ರಾಕ್ಷಿ ಮಾರುವವಳು ಕೂಗಿ ಕರೆದರೂ ಬೆಲೆ ಕೇಳಲಿಲ್ಲ. ಅವಳು ಬೆಲೆ ಕೇಳದೆ ಮುಂದೆ ಹೋದದ್ದನ್ನು ನಾನು ಆವತ್ತೇ ನೋಡಿದ್ದು. ಗೊತ್ತಾಗಿ ಹೋಯಿತು, ಮುಗಿಯಿತು, ಇವಳು ಈಗ ಇಲ್ಲೇ ಕುಸಿಯುತ್ತಾಳೆ ಎಂದು ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಅತ್ತೆ ತಿರುಗಿದಳು. "ಅವರಿಗೇನಾಗಿದೆ?"

"ಯಾರಿಗೆ?"

"ನಿನ್ನ ಮಾವನಿಗೆ. ನನ್ನ ಮುಂದೆ ನಾಟಕ ಬೇಡ. ಮೂರು ತಿಂಗಳಿಂದ ಅವರು ನನ್ನ ಮೇಲೆ ಒಂದ್ಸಲಾನೂ ರೇಗಿಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ, ಚಹಾ ತಣ್ಣಗಾದ್ರೆ ಊರೇ ಕೇಳೋ ಹಾಗೆ ಬೈತಿದ್ದ ಮನುಷ್ಯ. ಮೊನ್ನೆ ತಣ್ಣಗಿರೋ ಚಹಾ ಕುಡಿದು, ಚೆನ್ನಾಗಿದೆ ಅಂದ್ರು. ನನ್ನ ಕಣ್ಣಿಗೆ ಕಣ್ಣು ಕೊಡಲ್ಲ. ದೊಡ್ಡ ಖಾಯಿಲೇನಾ?"

ನಾನು ನೆಲ ನೋಡಿದೆ. ಅವಳು ಅದನ್ನೇ ಹೌದೆಂದು ತಿಳಿದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಗಳಿಗೆ ಹಾಯೆನಿಸಿತು. ರೊಟ್ಟಿ ಮುಟ್ಟಿದ ಆಣೆ ಉಳಿಯಿತು, ಅವಳಿಗೆ ತನ್ನದು ತಿಳಿಯಲಿಲ್ಲ. ಒಂದು ಸುಳ್ಳು ತಾನಾಗಿಯೇ ಬಂದು ನಮ್ಮನ್ನು ಕಾಪಾಡಿತು ಅಂದುಕೊಂಡೆ.

ಅತ್ತೆಯ ತುಟಿ ಬಿಳಿಚಿತ್ತು. ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ನನಗೆ ಮದುವೆಯಾಗಿ ಹನ್ನೆರಡು ವರ್ಷ, ಈ ಹೆಂಗಸು ಹೆದರಿದ್ದನ್ನು ಕಂಡಿರಲಿಲ್ಲ.

"ಸರಿ," ಎಂದಳು ಕೊನೆಗೆ. "ನಾಳೆ ನನ್ನ ಸೂಜಿಗೆ ನಾನು ಬರಲ್ಲ. ಇನ್ನು ಮುಂದೇನೂ ಬೇಡ."

"ಅಪಾ?"

"ಹೊಟ್ಟೆ ಹುಣ್ಣು ತಾನೆ? ಮೊಸರು ಕುಡಿದು ವಾಸಿ ಮಾಡ್ಕೋತೀನಿ. ಆ ಸೂಜಿ ದುಡ್ಡೂ ಅವರಿಗೇ ಆಗ್ಲಿ. ಅದನ್ನ ಹಾಕಿಸ್ಕೊಂಡ್ರೆ ಎರಡು ದಿನ ನನಗೆ ಏಳೋಕಾಗಲ್ಲ. ನಾನು ಮಲಗಿದ್ರೆ ಅವರನ್ನ ನೋಡೋರು ಯಾರು?"

"ಒಂದು ವಾರಾನೂ ತಪ್ಪಿಸ್ಬಾರ್ದು ಅಂದಿದಾರೆ ಡಾಕ್ಟ್ರು."

"ಡಾಕ್ಟ್ರಿಗೇನು ಗೊತ್ತು, ನನ್ನ ಗಂಡ ಸಾಯ್ತಿದಾನೆ ಅಂತ?"

ಅವಳು ಹಟ ಹಿಡಿದರೆ ಮಾವ, ಮಗ, ಇಡೀ ಬೀದಿ ಸೇರಿದರೂ ಬಗ್ಗುವವಳಲ್ಲ. ಒಂದು ವಾರ ತಪ್ಪುತ್ತದೆ, ಆಮೇಲೆ ಇನ್ನೊಂದು. ನಾವು ಮುಚ್ಚಿಟ್ಟದ್ದೇ ಅವಳನ್ನು ಕೊಲ್ಲುತ್ತದೆ. ಮಾವನ ಮುಖ ನೆನಪಾಯಿತು, ಆಣೆ ನೆನಪಾಯಿತು, ಹೆಸರು ಕೇಳಿದರೇ ಅರ್ಧ ಸಾಯುತ್ತಾರೆ ಎಂದದ್ದೂ ನೆನಪಾಯಿತು. ದೂರದಲ್ಲಿ ನಮ್ಮ ಬಸ್ ತಿರುವಿನಲ್ಲಿ ಕಾಣಿಸಿತು. ಬಸ್ಸಿನೊಳಗೆ ಇದನ್ನು ಹೇಳುವುದು ಸಾಧ್ಯವಿರಲಿಲ್ಲ.

"ಅಪಾ, ಆ ಔಷಧಿ ಮಾವನವರದ್ದಲ್ಲ," ಎಂದೆ. "ನಿಮ್ಮದು. ನಿಮಗಿರೋದು ಹುಣ್ಣಲ್ಲ."

ಅವಳು ಅಲ್ಲಾಡಲಿಲ್ಲ. ಬಸ್ ಬಂದು ನಿಂತು ಬಾಗಿಲು ತೆರೆಯಿತು. ಚಾಲಕ ನಮ್ಮನ್ನು ನೋಡಿ, ಸ್ವಲ್ಪ ಕಾದು, ಹೊರಟುಹೋದ. ಅವಳು ಬೀಳುತ್ತಾಳೆ ಎಂದು ನಾನು ಎರಡೂ ಕೈ ಚಾಚಿದ್ದೆ.

"ಅವರಿಗೇನೂ ಇಲ್ವಾ?" ಎಂದು ಕೇಳಿದಳು.

"ಏನೂ ಇಲ್ಲ."

"ರೊಟ್ಟಿ ಆಣೆಗೂ?"

"ರೊಟ್ಟಿ ಆಣೆಗೂ, ಅಪಾ. ಅವರು ಗಟ್ಟಿಯಾಗಿದಾರೆ."

ಅತ್ತೆ ಪ್ರಾರ್ಥನೆ ಮುಗಿದಾಗ ಮಾಡುವಂತೆ ಎರಡೂ ಅಂಗೈಗಳಿಂದ ಮುಖ ಸವರಿಕೊಂಡು ಉದ್ದಕ್ಕೆ ಉಸಿರು ಬಿಟ್ಟಳು. ಶಾಲನ್ನು ಸರಿಯಾಗಿ ಹೊದ್ದುಕೊಂಡಳು. ಬೆಂಚಿನ ಮೇಲೆ ಕುಸಿದವಳು ನಾನು. ಅವಳು ಪಕ್ಕದಲ್ಲಿ ಕೂತು ನನ್ನ ಬೆನ್ನು ನೇವರಿಸಿದಳು.

"ನನಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡ," ಎಂದಳು. "ಹೆದರ್ಕೋತಾರೆ."