ಸದ್ದಿಲ್ಲದ ಕೋಣೆ

ಕೋಟು ಹೊಲಿಯುವ ಆ ಕಾರ್ಖಾನೆಯಲ್ಲಿ ಹದ್ದುಗಣ್ಣಿಗಾಗಿಯೇ ಒಂದು ಗಾಜಿನ ಕೋಣೆ ಕಟ್ಟಿಸಿದ್ದರು. ಹದ್ದುಗಣ್ಣಿ ಅಂದರೆ ಚೆಕಿಂಗ್ ಮಾಡುವವಳು. ಹೊಲಿದು ಬಂದ ಕೋಟಿನಲ್ಲಿ ಒಂದೆಳೆ ಸೊಟ್ಟಗಿದ್ದರೂ ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ, ಪಕ್ಕದಲ್ಲಿ ಕೂತು ಗುಂಡಿ ಹೊಲಿಯುವ ಗುಂಡಿಯಕ್ಕ ಇಟ್ಟ ಹೆಸರು ಅದು. ಕಣ್ಣು ಅಷ್ಟು ಚುರುಕು, ಕಿವಿ ಅದಕ್ಕಿಂತ ಚುರುಕು, ತೊಂದರೆ ಇದ್ದದ್ದೇ ಅಲ್ಲಿ. ಮಿಷನ್ನುಗಳ ಸದ್ದು ಬೇರೆಯವರಿಗೆ ಬರೀ ಸದ್ದು, ಅವಳಿಗೆ ತಲೆಯೊಳಗೆ ಮೊಳೆ ಹೊಡೆದಂತೆ. ಹಿಂದಿನ ಕೆಲಸಗಳನ್ನೆಲ್ಲ ಬಿಟ್ಟದ್ದು ಇದೇ ಕಾರಣಕ್ಕೆ. ಒಬ್ಬ ಯಜಮಾನನಂತೂ ಅವಳನ್ನು ತಲೆಕೆಟ್ಟವಳು ಎಂದು ಮುಖದ ಮೇಲೇ ಅಂದಿದ್ದ.

ಹೊಸದಾಗಿ ಬಂದ ಮ್ಯಾನೇಜರ್ ಮೇಡಂ ಅಂಥವರಲ್ಲ. ಓದಿಕೊಂಡವರು, ಒಳ್ಳೆಯವರು, ಒಳ್ಳೆಯವರಾಗಿಯೇ ತೀರುತ್ತೇನೆಂದು ಪಣ ತೊಟ್ಟವರು. ಒಬ್ಬೊಬ್ಬರ ಮಿದುಳು ಒಂದೊಂದು ಥರ, ಬದಲಾಗಬೇಕಾದ್ದು ಕೆಲಸದ ಜಾಗವೇ ಹೊರತು ಮನುಷ್ಯರಲ್ಲ ಎಂದು ಎಲ್ಲರನ್ನೂ ಕೂಡಿಸಿ ಹೇಳಿದರು. ಮಾತೇನೋ ಬಂಗಾರದಂಥದ್ದು. ಕಿವಿ ಕೇಳದ ಇಸ್ತ್ರಿಯವನಿಗೆ ಗಂಟೆಯ ಬದಲು ಮಿನುಗುವ ದೀಪ ಹಾಕಿಸಿದರು. ಹದ್ದುಗಣ್ಣಿಗೆ ಮೂಲೆಯಲ್ಲಿ ದಪ್ಪ ಗಾಜಿನ ಕೋಣೆ, ಕಣ್ಣಿಗೆ ಚುಚ್ಚದ ಬೆಳಕು, ಕೋಟು ಬರಲು ಹೋಗಲು ಒಂದು ಕಿಂಡಿ. ಜತೆಗೆ ಕಟ್ಟಪ್ಪಣೆಯೂ ಆಯಿತು: ಅವಳ ಬೆನ್ನ ಹಿಂದೆ ನಿಲ್ಲಬೇಡಿ, ಭುಜ ಮುಟ್ಟಬೇಡಿ, ಗಾಜು ಬಡಿಯಬೇಡಿ, ಸುಮ್ಮಸುಮ್ಮನೆ ಮಾತಾಡಿಸಬೇಡಿ. ಜನ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ನೆಗಡಿ ಬಂತೆಂದು ಮೂಗು ಕೊಯ್ದರಂತೆ ಅನ್ನುತ್ತಾರಲ್ಲ, ಇಲ್ಲಿ ಕೊಯ್ದವರ ಕೈ ನಡುಗಲೂ ಇಲ್ಲ, ಅಷ್ಟು ಅಕ್ಕರೆಯಿಂದ ಕೊಯ್ದರು.

ಮೊದಮೊದಲು ಅವಳಿಗೆ ಜೀವ ಬಂದಂತಾಯಿತು. ಸಂಜೆ ತಲೆನೋವಿಲ್ಲದೆ ಮನೆಗೆ ಹೋಗುವುದೆಂದರೆ ಏನೆಂದು ಅವಳಿಗೆ ಆವರೆಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿದ್ದ ಒಡಹುಟ್ಟಿದ ಅಕ್ಕ ಕೇರಿಗೆಲ್ಲ ಸಾರಿಕೊಂಡು ಬಂದಳು. "ನಮ್ಮ ಕಿರೀದಕ್ಕೆ ಈಗ ಸ್ವಂತ ರೂಮು ಕಣ್ರೀ! ಮ್ಯಾನೇಜರಿಗೂ ಅಂಥದ್ದಿಲ್ಲ!" ಭಾವ, "ಇನ್ನೇನು, ಕಿರೀಟ ಒಂದು ಬಾಕಿ" ಎಂದು ನಕ್ಕ. ಅವಳೂ ನಕ್ಕಳು. ಅದೃಷ್ಟ ಮನೆ ಬಾಗಿಲಿಗೆ ಬಂದಾಗ ಮುಖ ಸಪ್ಪಗೆ ಮಾಡಿಕೊಂಡರೆ ಯಾರು ಮೆಚ್ಚುತ್ತಾರೆ?

ಆದರೆ ಕೋಣೆಯೊಳಗೆ ಹಗಲು ಬಲು ಉದ್ದವಾಗಿತ್ತು. ಮೊದಲು ಅವಳು ಕೂರುತ್ತಿದ್ದದ್ದು ಗುಂಡಿಯಕ್ಕನ ಪಕ್ಕದಲ್ಲಿ. ಕೋಟಿಗೆ ಕೈಯಲ್ಲಿ ಗುಂಡಿ ಕಟ್ಟುವ ಆಕೆಗೆ ಸೂಜಿಗಿಂತ ಬಾಯಿ ಜೋರು. ಗಂಡನ ಗೊರಕೆ, ಓರಗಿತ್ತಿಯ ಠೇಂಕಾರ, ಹಾಸಿಗೆ ಹಿಡಿದ ಅಮ್ಮನ ಹಟ, ಎಲ್ಲವೂ ಅಲ್ಲಿ ಬರುತ್ತಿತ್ತು. "ನಮ್ಮಮ್ಮ ದಿನಾ ಕೇಳ್ತಾಳೆ ಕಣೆ, ಇವತ್ತು ಆ ಹದ್ದುಗಣ್ಣಿ ನಿನ್ನ ಗುಂಡಿ ಬಿಟ್ಲಾ ಹಿಡಿದ್ಲಾ ಅಂತ" ಎಂದು ನಗುತ್ತಿದ್ದಳು. ಹದ್ದುಗಣ್ಣಿ ತಲೆ ಎತ್ತದೆ "ಬಿಟ್ಟೆ ಅಂತ ಹೇಳಿ" ಅನ್ನುತ್ತಿದ್ದಳು. ಅವಳ ಇಡೀ ದಿನದ ಮಾತು ಅಷ್ಟೇ. ಅಷ್ಟಿದ್ದರೂ ಮಾತಾಡಿ ಹೊಟ್ಟೆ ತುಂಬಿದಂತೆ ಮನೆಗೆ ಹೋಗುತ್ತಿದ್ದಳು. ಈಗ ಗಾಜಿನಾಚೆ ಬಾಯಿಗಳು ಆಡುತ್ತಿದ್ದವು, ಹೆಗಲುಗಳು ನಗುವಿಗೆ ಕುಲುಕುತ್ತಿದ್ದವು, ಒಳಗೆ ಒಂದಕ್ಷರ ಬರುತ್ತಿರಲಿಲ್ಲ. ಚಹಾದ ಲೋಟವೂ ಕಿಂಡಿಯಲ್ಲಿ ಸದ್ದಿಲ್ಲದೆ ಬಂದು ಕೂರುತ್ತಿತ್ತು. ಅವಳಿಗೆ ಅಳು ಬರುವಷ್ಟು ಒಂಟಿಯೆನಿಸುತ್ತಿತ್ತು. ಹೇಳಿಕೊಂಡರೆ ಉಂಡ ಮನೆಗೆ ಎರಡು ಬಗೆದಂತಾದೀತೆಂದು ಬಾಯಿ ಹೊಲಿದುಕೊಂಡಿದ್ದಳು.

ಹೀಗಿರುವಾಗ ಒಂದಷ್ಟು ದಿನ, ಕೋಣೆಗೆ ಬರುವಾಗ ಹೋಗುವಾಗ, ಗುಂಡಿಯಕ್ಕ ಕಾಣಲಿಲ್ಲ. ರಜೆ ಇರಬೇಕೆಂದುಕೊಂಡಳು. ಮತ್ತೆ ಬಂದ ದಿನ ಕಿಂಡಿಯಿಂದ ಕೋಟುಗಳು ಬಂದವು, ಹೆಚ್ಚಿನವುಗಳ ಗುಂಡಿ ಸಡಿಲ. ಗುಂಡಿಯ ಕೆಳಗೆ ದಾರ ಸುತ್ತಿ ಬಿಗಿಯಬೇಕು, ಗುಂಡಿಯಕ್ಕ ಅದನ್ನು ಕಣ್ಣು ಮುಚ್ಚಿಯೂ ಮಾಡುವವಳು. ಇವತ್ತು ಸುತ್ತೇ ಇರಲಿಲ್ಲ. ಹದ್ದುಗಣ್ಣಿ ಅಂಥ ಪ್ರತಿ ಕೋಟಿಗೂ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸು ಕಳಿಸಿದಳು. ಕೆಲಸ ಕೆಲಸವೇ. ಒಳಗೊಳಗೆ ಒಂದು ಆಸೆಯೂ ಇತ್ತು, ಇಷ್ಟು ವಾಪಸು ಹೋದರೆ ಗುಂಡಿಯಕ್ಕ ಸೊಂಟಕ್ಕೆ ಕೈಯಿಟ್ಟು ಜಗಳಕ್ಕಾದರೂ ಬಂದಾಳು. ಅದಕ್ಕೇ ಬಿಡಬಹುದಾಗಿದ್ದ ಎರಡಕ್ಕೂ ಅಂಟಿಸಿದಳು.

ಗುಂಡಿಯಕ್ಕ ಬರಲಿಲ್ಲ. ಹದ್ದುಗಣ್ಣಿ ಅಪರೂಪಕ್ಕೆ ತಲೆ ಎತ್ತಿ ನೋಡಿದಾಗ ಆಕೆ ಕೆಂಪು ಚುಕ್ಕೆಯ ಕೋಟುಗಳ ರಾಶಿಯನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಇಡೀ ಸಾಲು ಗಾಜಿನ ಕಡೆ ತಿರುಗಿ ನೋಡಿತು. ಮುಖ ನೋಡಿ ಮನಸ್ಸು ಓದುವುದು ಹದ್ದುಗಣ್ಣಿಗೆ ಎಂದೂ ಒಲಿದ ವಿದ್ಯೆಯಲ್ಲ, ಆದರೆ ಆ ನೋಟ ಅವಳಿಗೂ ತಿಳಿಯಿತು.

ಮುಂದಿನ ಗಂಟು ತಂದ ದಾರ ಕತ್ತರಿಸುವವಳು ತಡೆಯಲಾರದೆ ಕಿಂಡಿಯಲ್ಲಿ ಬಾಯಿ ಬಿಟ್ಟಳು.

"ನಿಮಗೆ ಕರುಳು ಇದೆಯೇನ್ರೀ? ಅವರಮ್ಮ ತೀರ್ಕೊಂಡು ಇನ್ನೂ ಕಣ್ಣೀರು ಆರಿಲ್ಲ."

"ಯಾವಾಗ?"

"ನಾವೆಲ್ಲ ಅವರ ಮನೆಗೆ ಹೋಗಿ ಬಂದ್ವಿ. ನಿಮಗೆ ಹೇಳೋದು ಬೇಡ, ಗಾಬರಿ ಆಗ್ತಾರೆ ಅಂತ..." ಅವಳು ನಾಲಿಗೆ ಕಚ್ಚಿಕೊಂಡು ಹೊರಟುಹೋದಳು.

ಹದ್ದುಗಣ್ಣಿ ಎದ್ದಳು. ಮಿಷನ್ನುಗಳ ನಡುವೆ ಕಿವಿ ಮುಚ್ಚಿಕೊಂಡೇ ನಡೆದು ಮೇಡಂ ಮುಂದೆ ನಿಂತಳು. ಮೇಡಂ ಗಾಬರಿಯಾಗಿ, "ಯಾಕಮ್ಮಾ, ಯಾರಾದ್ರೂ ತೊಂದರೆ ಕೊಟ್ರಾ?" ಎಂದರು.

"ಇಲ್ಲ. ಯಾರೂ ಏನೂ ಕೊಡಲಿಲ್ಲ. ಸಾವಿನ ಸುದ್ದಿ ಕೂಡ ಕೊಡಲಿಲ್ಲ."

"ನಿಮ್ಮ ಒಳ್ಳೇದಕ್ಕೇ ಅಲ್ವಾ..."

"ಸದ್ದು ಬೇಡ ಅಂದಿದ್ದೆ ಮೇಡಂ. ಜನ ಬೇಡ ಅಂದಿರಲಿಲ್ಲ."

ಮೇಡಂ ಆ ಕೋಣೆಯ ಗಾಜು, ಬೆಳಕು, ಬಣ್ಣ ಎಲ್ಲವನ್ನೂ ಎಷ್ಟೋ ಪುಸ್ತಕ ನೋಡಿ ಆರಿಸಿದ್ದರು. ಒಳಗೆ ಕೂರುವವಳನ್ನು ಮಾತ್ರ ಕೇಳಿರಲಿಲ್ಲ. ಅದು ಅವರಿಗೆ ಈಗ ಹೊಳೆಯಿತು, ಪಾಪ, ಮುಖ ಕೆಂಪಾಯಿತು.

ಚಹಾದ ಹೊತ್ತಿಗೆ ಮಿಷನ್ನುಗಳು ನಿಂತವು. ಹದ್ದುಗಣ್ಣಿ ಗುಂಡಿಯಕ್ಕನ ಎದುರು ಹೋಗಿ ನಿಂತಳು. ಇಂಥ ಹೊತ್ತಿನಲ್ಲಿ ಆಡುವ ಮಾತುಗಳು ಲೋಕಕ್ಕೆಲ್ಲ ಗೊತ್ತು, ಅವಳಿಗೆ ಒಂದೂ ನೆನಪಾಗಲಿಲ್ಲ. ತನಗೆ ಗೊತ್ತಿದ್ದನ್ನೇ ಹೇಳಿದಳು.

"ಗುಂಡಿ ಸಡಿಲ ಇದ್ವು. ಅಮ್ಮ ಹೋದ್ರು ಅಂತ ಗೊತ್ತಿರಲಿಲ್ಲ. ಎರಡು ಕೋಟು ಸರಿ ಇದ್ವು, ಅದಕ್ಕೂ ಅಂಟಿಸಿದೆ. ನೀವು ಬಯ್ಯೋಕೆ ಬರಲಿ ಅಂತ."

ಗುಂಡಿಯಕ್ಕ ಅವಳನ್ನೇ ದಿಟ್ಟಿಸಿ ನೋಡಿದಳು.

"ಬೆಳಿಗ್ಗೆ ಬಂದ ತಕ್ಷಣ ನಿನ್ನ ಗಾಜಿನ ಮುಂದೇನೇ ಬಂದು ನಿಂತಿದ್ದೆ ಕಣೆ" ಎಂದಳು. "ಮಿಕ್ಕೋರೆಲ್ಲ ಮನೆಗೇ ಬಂದು ಅತ್ತು ಹೋಗಿದ್ರು. ನಿನಗೊಬ್ಬಳಿಗೆ ನಾನೇ ಹೇಳಬೇಕು ಅಂತಿತ್ತು. ಬಡೀಬಾರದು ಅಂದಿದ್ರಲ್ಲ, ನೀನೇ ತಲೆ ಎತ್ತಲಿ ಅಂತ ಕಾದೆ. ಎತ್ತಲಿಲ್ಲ."

ಕೋಟಿನ ಎಳೆ ಎಳೆ ನೋಡುವ ಕಣ್ಣಿಗೆ ಮಾರುದೂರದಲ್ಲಿ ನಿಂತ ಜೀವ ಕಂಡಿರಲಿಲ್ಲ. ಕೋಣೆಯಲ್ಲಿ ಕೆಲಸದ ನಡುವೆ ತಲೆ ಎತ್ತುವುದನ್ನು ಹದ್ದುಗಣ್ಣಿ ಬಿಟ್ಟು ಬಹಳ ದಿನವಾಗಿತ್ತು. ಎತ್ತಿದಾಗಲೆಲ್ಲ ಎಲ್ಲರೂ ಬೇರೆ ಕಡೆ ನೋಡಿಬಿಡುತ್ತಿದ್ದರು.

"ಹೋಗಲಿ ಬಿಡು" ಎಂದು ಗುಂಡಿಯಕ್ಕ ಕಣ್ಣೊರೆಸಿಕೊಂಡಳು. "ಆ ನಿನ್ನ ಅರಮನೇಲಿ ಇನ್ನೊಂದು ಕುರ್ಚಿ ಹಿಡಿಸುತ್ತಾ? ನನಗೂ ಈಗ ಈ ಸದ್ದು ಸಾಕಾಗಿದೆ."

"ಹಿಡಿಸುತ್ತೆ" ಎಂದಳು ಹದ್ದುಗಣ್ಣಿ ತಟ್ಟನೆ. "ಕಿಂಡಿಯ ಎಡಗಡೆ. ನಾನು ಒಳಗೆ ಹೋದ ದಿನಾನೇ ಅಳತೆ ಹಾಕಿ ನೋಡಿದೀನಿ."

ಗಂಟೆ ಬಡಿಯಿತು, ಇಸ್ತ್ರಿಯವನ ದೀಪ ಮಿನುಗಿತು, ಮಿಷನ್ನುಗಳು ಶುರುವಾದವು. ಅವಳು ಕಿವಿ ಮುಚ್ಚಿಕೊಂಡು ಒಳಗೆ ಹೋದಳು. ಮೇಜನ್ನು ತುಸು ಬಲಕ್ಕೆ ಸರಿಸಿ ಜಾಗ ಮಾಡಿಟ್ಟಳು. ಆ ದಿನ ಕುರ್ಚಿ ಬರಲಿಲ್ಲ. ಅವಳು ಮಾತ್ರ ಪ್ರತಿ ಕೋಟಿಗೊಮ್ಮೆ ತಲೆ ಎತ್ತಿ ಹೊರಗೆ ನೋಡುತ್ತಿದ್ದಳು.