ರೋಮ ಉಳಿಸಿದ ಚರ್ಮ

ಚರ್ಮದ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಡಕಾಡಿದ ಯಾನ್ನಿ, ಕೈ ಹೊರಗೆಳೆದು ಖಾಲಿ ಅಂಗೈ ನೋಡಿಕೊಂಡ. ಹೊಗಳಿಕೆ ಕೇಳಲು ಸಿದ್ಧರಾಗಿ ಗಡ್ಡ ನೀವಿಕೊಳ್ಳುತ್ತಾ ಕುಳಿತಿದ್ದ ನೂರ್ ಮುಹಮ್ಮದ್ ಬ್ಯಾರಿಗೆ ಅವನ ಮುಖ ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಯಾನ್ನಿ ತನ್ನ ಮುಂಗೈಯ ಕೂದಲನ್ನು ಹಿಡಿದೆಳೆದು ತೋರಿಸಿ, ಆಮೇಲೆ ಚೀಲದ ಬಾಯಿಗೆ ಬೆರಳು ಮಾಡಿದ.

"ಒಳಗಿನ ರೋಮ ಎಲ್ಲಿ ಅಂತ ಕೇಳ್ತಾನೆ, ಬ್ಯಾರಿಗಳೇ," ಎಂದ ಪಿಯುಸ್.

"ತೆಗೆದೆ. ಒಂದೆಳೆ ಉಳಿಸಲಿಲ್ಲ."

ಪಿಯುಸ್ ಹಡಗಿನ ಏಜೆಂಟರ ಕಚೇರಿಯಲ್ಲಿ ಗುಮಾಸ್ತ. ಅಳಿವೆಯ ಹೊರಗೆ ಲಂಗರು ಹಾಕಿ ಹೆಂಚು ತುಂಬಿಸಿಕೊಳ್ಳುತ್ತಿದ್ದ ಗ್ರೀಕ್ ಹಡಗಿನ ಬಡಗಿ ಯಾನ್ನಿಯನ್ನು ಹನ್ನೆರಡು ದಿನದ ಹಿಂದೆ ಈ ಅಂಗಡಿಗೆ ಕರೆತಂದವನು ಅವನೇ. ಯಾನ್ನಿಯ ಕಂಕುಳಲ್ಲಿ ಆಗ ಒಂದು ವಿಚಿತ್ರ ವಾದ್ಯವಿತ್ತು. ಹಾವಾಡಿಗನ ಪುಂಗಿಗೆ ಆಡಿನ ಹೊಟ್ಟೆ ಕಟ್ಟಿದ ಹಾಗೆ ಕಾಣುವ ಅದರ ಚೀಲವನ್ನು ಹಡಗಿನ ಇಲಿಗಳು ಕಡಿದು ಜರಡಿ ಮಾಡಿದ್ದವು. ಅವನ ದ್ವೀಪದಲ್ಲಿ ಮದುಮಗಳನ್ನು ಮನೆಯಿಂದ ಇಗರ್ಜಿಗೆ ಕರೆದೊಯ್ಯುವಾಗ ಮುಂದೆ ಈ ವಾದ್ಯ ನುಡಿಯಬೇಕು. ಊದಲು ಬರುವ ಅಪ್ಪನಿದ್ದರೆ ಅಪ್ಪನೇ ಊದಬೇಕು, ಹಿಂದೆ ಊರೆಲ್ಲ ಕೈಕೈ ಹಿಡಿದು ಕುಣಿಯುತ್ತಾ ಬರಬೇಕು. ಯಾನ್ನಿಗೆ ಇರುವುದು ಒಬ್ಬಳೇ ಮಗಳು. ಹಡಗು ಊರು ಮುಟ್ಟುವುದು ಅವಳ ಮದುವೆಯ ಹಿಂದಿನ ದಿನ. ಅಲ್ಲಿ ಹೋಗಿ ಚರ್ಮ ಹದ ಮಾಡಲು ಸಮಯವಿಲ್ಲ.

ಅಷ್ಟು ಕೇಳಿದ ಮೇಲೆ ನೂರ್ ಮುಹಮ್ಮದರು ಮತ್ತೆ ಯೋಚಿಸಲಿಲ್ಲ. ಬಂದರಿನ ಆ ಓಣಿಯಲ್ಲಿ ನಲವತ್ತು ವರ್ಷಗಳಿಂದ, ಕೈಯಲ್ಲಿ ಹಿಡಿದು ಬಡಿಯುವ ದಫ್‌ಗಳಿಗೆ ಚರ್ಮ ಕಟ್ಟುತ್ತಿದ್ದವರು ಅವರು. ಅವರ ಕೈಯಲ್ಲಿ ಹದವಾದ ಚರ್ಮದ ಮುಂದೆ ಹಸುಗೂಸಿನ ಕೆನ್ನೆಯೂ ಸೋಲಬೇಕು ಎಂಬ ಮಾತಿತ್ತು. ಆ ಮಾತನ್ನು ಬೇರೆಯವರು ಹೇಳುವ ಮೊದಲೇ ಅವರೇ ಹೇಳಿಬಿಡುತ್ತಿದ್ದರು. ಕಸಾಯಿ ಬಶೀರನನ್ನು ಕಾಡಿ, ಹೊಟ್ಟೆ ಸೀಳದೆ ಅಂಗಿ ಕಳಚಿದ ಹಾಗೆ ಸುಲಿದ ಆಡಿನ ಚರ್ಮ ತರಿಸಿದ್ದರು. ಒಳಹೊರಗಾಗಿ ಮಗುಚಿದ್ದ ಹಳೆಯ ಚೀಲದ ಒಳಗೆಲ್ಲ ಕತ್ತರಿಸಿದ ರೋಮ ಹಾಗೆಯೇ ಇದ್ದುದನ್ನು ನೋಡಿ, ಎಂಥ ಸೋಮಾರಿಗಳು ಮಾರಾಯ್ತಿ ಎಂದು ಮಗಳ ಹತ್ತಿರ ನಕ್ಕಿದ್ದರು. ಸುಣ್ಣ ಹಾಕಿ ಹೆರೆದು, ತಿಕ್ಕಿ, ಕನ್ನಡಿ ಮಾಡಿ ಇಟ್ಟಿದ್ದರು.

ಈಗ ಯಾನ್ನಿಯ ಹರಕು ಇಂಗ್ಲಿಷು ಅರ್ಥವಾಗುವ ಪಿಯುಸ್ ಮೂಲಕ ವಿಷಯ ಹೊರಬಿತ್ತು. ಊದುವವನ ಉಸಿರಿನ ತೇವವನ್ನು ಹೀರುವುದೇ ಆ ರೋಮ. ಅದಿಲ್ಲದಿದ್ದರೆ ನೀರೆಲ್ಲ ಜೊಂಡಿನ ಕೊಳವೆಗೆ ಇಳಿದು ಅರ್ಧ ಗಂಟೆಯಲ್ಲಿ ಸ್ವರ ಕಟ್ಟಿಹೋಗುತ್ತದೆ. ಯಾನ್ನಿಯ ಮನೆಯಿಂದ ಇಗರ್ಜಿಗೆ ಬೆಟ್ಟ ಹತ್ತಿ ಎರಡು ಗಂಟೆಯ ದಾರಿ.

ನೂರ್ ಮುಹಮ್ಮದರ ಕಿವಿ ಕೆಂಪಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಮನುಷ್ಯ ಬೈಯಲಿಲ್ಲ. ಚೀಲಕ್ಕೆ ಜೋಡಿ ಕೊಳವೆ ಸಿಕ್ಕಿಸಿ, ದಾರ ಬಿಗಿದು, ಇಷ್ಟು ಚಂದ ಮಾಡಿದ್ದೀರಿ, ಅರ್ಧ ಗಂಟೆಯಾದರೂ ಕೇಳಿ ಎಂದು ಓಣಿಗೆ ಇಳಿದ.

ಕಂಕುಳಲ್ಲಿ ಚೀಲ ಒತ್ತಿದ ಕೂಡಲೇ ಬಂದ ಸ್ವರ ಅಕ್ಕಪಕ್ಕದ ಗೋದಾಮಿನವರನ್ನೆಲ್ಲ ಬಾಗಿಲಿಗೆ ಕರೆಯಿತು. ಕರ್ಕಶವೆಂದರೆ ಕರ್ಕಶ, ಆದರೆ ಕಾಲನ್ನು ಸುಮ್ಮನಿರಲು ಬಿಡದ ಸ್ವರ. ಯಾನ್ನಿ ಊದುತ್ತಲೇ ಹೆಜ್ಜೆ ತೋರಿಸಿದ. ಪಿಯುಸನ ಕೈಗೆ ಕರವಸ್ತ್ರ ಕೊಟ್ಟು ಮುಂದೆ ನಿಲ್ಲಿಸಿದ. ಅವನ ಹಿಂದೆ ಹೆಂಚು ಹೊರುವ ನೋಣಯ್ಯ, ನೋಣಯ್ಯನ ಹಿಂದೆ ನಾಲ್ಕು ಮಂದಿ ಖಲಾಸಿಗಳು ಕೈಕೈ ಹಿಡಿದು ಸಾಲಾದರು. ತಮ್ಮ ಊರಲ್ಲಿ ಇದರ ಜೊತೆಗೆ ಯಾವಾಗಲೂ ಒಂದು ಸಣ್ಣ ಚರ್ಮವಾದ್ಯ ಇರುತ್ತದೆ ಎಂದು ಯಾನ್ನಿ ಮೊದಲೇ ಹೇಳಿದ್ದ. ನೂರ್ ಮುಹಮ್ಮದರು ಗೋಡೆಯಿಂದ ದಫ್ ಇಳಿಸಿ, ಎರಡು ಸುತ್ತು ಕೇಳಿ, ಮೂರನೆಯದಕ್ಕೆ ತಾಳ ಹಿಡಿದರು. ಜೀವಮಾನದಲ್ಲಿ ಅಷ್ಟು ನಾಚಿಕೆ, ಅಷ್ಟು ಸಂತೋಷ ಅವರಿಗೆ ಒಟ್ಟಿಗೆ ಆದದ್ದಿಲ್ಲ.

ಹೇಳಿದ ಹಾಗೆಯೇ ಆಯಿತು. ಸ್ವರ ಮೊದಲು ಕೆಮ್ಮಿತು, ಆಮೇಲೆ ಕೊಳವೆಯ ತುದಿಯಿಂದ ನೀರು ತೊಟ್ಟಿಕ್ಕಿತು, ಕೊನೆಗೆ ಬರೇ ಗಾಳಿ. ಸಾಲು ತುಂಡಾಗಿ ಖಲಾಸಿಗಳು ಕೆಲಸಕ್ಕೆ ಹೋದರು.

"ಹಡಗು ಹೊರಡ್ಲಿಕ್ಕೆ ಎಷ್ಟು ದಿನ ಉಂಟು?" ಎಂದು ಬ್ಯಾರಿ ಕೇಳಿದರು.

"ಮೂರು."

"ಚರ್ಮ ಹದ ಆಗ್ಲಿಕ್ಕೆ ಹತ್ತು ದಿನ ಬೇಕು," ಎಂದು ಹೇಳುತ್ತಲೇ ಅವರು ಚಪ್ಪಲಿ ಮೆಟ್ಟಿ ಬಶೀರನ ಅಂಗಡಿಯ ಕಡೆಗೆ ಹೊರಟಾಗಿತ್ತು.

ಎರಡನೆಯ ಚರ್ಮ ಬಂದ ದಿನ ಅವರು ಹೆರೆಯುವ ಕತ್ತಿಯನ್ನು ಕಿರಿಮಗಳು ನಸೀಬಾಳ ಕೈಗೆ ಕೊಟ್ಟು ಬಚ್ಚಿಡಲು ಹೇಳಿದರು. ಕಣ್ಣೆದುರು ರೋಮ ಕಂಡರೆ ತಮ್ಮ ಕೈ ತಮ್ಮ ಮಾತು ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವಳ ಹೊಲಿಗೆಯ ಕತ್ತರಿಯಿಂದ ರೋಮವನ್ನು ಅರ್ಧ ಬೆರಳಿನಷ್ಟು ಉಳಿಸಿ ಕತ್ತರಿಸಿದರು. ಬಾಪ ತಲೆಗೂದಲು ಕತ್ತರಿಸುವವರ ಹಾಗೆ ಕಾಣ್ತಾರೆ ಎಂದು ನಸೀಬಾ ನಕ್ಕಳು. ಅವರು ನಗಲಿಲ್ಲ. ಇನ್ನೊಂದೆರಡು ವರ್ಷದಲ್ಲಿ ಇವಳೂ ಈ ಹೊಸ್ತಿಲು ದಾಟುತ್ತಾಳೆ, ಅಂದು ಮೆರವಣಿಗೆಯ ಮುಂದೆ ದಫ್ ಇಲ್ಲದಿದ್ದರೆ ಹೇಗಾದೀತು ಎಂದು ಯೋಚಿಸುತ್ತಿದ್ದರು.

ಉಳಿದ ಏಳು ದಿನದ ಕೆಲಸ ಹಡಗಿನಲ್ಲೇ ಆಗಬೇಕು. ಅದನ್ನು ಯಾನ್ನಿಯೇ ಮಾಡಬೇಕು. ಉಪ್ಪು, ಪಟಿಕದ ಅಳತೆಯನ್ನು ನೂರ್ ಮುಹಮ್ಮದರು ಸ್ವಂತ ಅಳಿಯಂದಿರಿಗೂ ಬಾಯಿಬಿಟ್ಟು ಹೇಳಿದವರಲ್ಲ. ಈಗ ಯಾನ್ನಿಯ ಅಂಗೈ ಬಿಡಿಸಿ ಮೊದಲು ಉಪ್ಪು ಸುರಿದರು, ಅದರ ಕಾಲು ಭಾಗ ಪಟಿಕ ಸುರಿದರು. ಅವನ ಕೈಯ ಮೇಲೆ ತಮ್ಮ ಕೈ ಇಟ್ಟು ಕುತ್ತಿಗೆಯಿಂದ ಬಾಲದ ಕಡೆಗೆ ತಿಕ್ಕಿಸಿದರು. ಬಿಸಿಲು ತೋರಿಸಿ ಬೇಡವೆಂದು ತಲೆಯಾಡಿಸಿದರು, ನೆರಳು ತೋರಿಸಿ ಹೌದೆಂದರು. ಹದ ನೋಡುವುದು ನಾಲಿಗೆಯಿಂದ. ಚರ್ಮಕ್ಕೆ ನಾಲಿಗೆ ತಾಗಿಸಿ, ಚುರ್ ಅಂದರೆ ಇನ್ನೂ ಆಗಿಲ್ಲ ಎಂದು ಮುಖ ಹುಳಿ ಮಾಡಿ ತೋರಿಸಿದರು. ಯಾನ್ನಿಯೂ ನೆಕ್ಕಿದ, ಅವನ ಮುಖವೂ ಹುಳಿಯಾಯಿತು. ಇಬ್ಬರೂ ನಕ್ಕರು. ಪಿಯುಸ್‌ಗೆ ಆ ದಿನ ಮಾತು ತಿರುಗಿಸಿ ಹೇಳುವ ಕೆಲಸವೇ ಇರಲಿಲ್ಲ.

ಹಡಗು ಹೋಯಿತು. ನೂರ್ ಮುಹಮ್ಮದರು ಏಳು ದಿನ ಬೆರಳೆಣಿಸಿದರು, ಆಮೇಲೆ ಮದುವೆಯ ದಿನವನ್ನೂ ಎಣಿಸಿದರು. ಸಮುದ್ರದ ಗಾಳಿಗೆ ಚರ್ಮ ಮುಗ್ಗಿದರೆ, ಅವಸರಕ್ಕೆ ಬಿಸಿಲಿಗೆ ಹಾಕಿದರೆ ಎಂದು ಊಟದ ನಡುವೆ ಕೈ ನಿಲ್ಲಿಸುತ್ತಿದ್ದರು. ಅಷ್ಟು ಹೇಳಿಕೊಟ್ಟಿದ್ದೀರಲ್ಲ ಎಂದು ನಸೀಬಾ ಅಂದರೆ, ಹೇಳಿಕೊಡುವುದು ಬೇರೆ, ಕೈಗೆ ಬರುವುದು ಬೇರೆ ಎನ್ನುತ್ತಿದ್ದರು.

ಜುಲೈಯ ಒಂದು ಸಂಜೆ ಪಿಯುಸ್ ಕೊಡೆ ಮಡಚಿ ಒಳಬಂದು, ಅಂಗಿಯೊಳಗಿನಿಂದ ಲಕೋಟೆ ತೆಗೆದ. ಎರಡು ಪುಟದ ಕಾಗದ. ಅವಸರದಲ್ಲೋ ಸಂತೋಷದಲ್ಲೋ ಯಾನ್ನಿ ಇಂಗ್ಲಿಷು ಬಿಟ್ಟು ತನ್ನ ಭಾಷೆಯಲ್ಲೇ ಬರೆದಿದ್ದ. ಪಿಯುಸ್ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ.

"ಒಂದಕ್ಷರ ಗೊತ್ತಾಗುದಿಲ್ಲ, ಬ್ಯಾರಿಗಳೇ."

"ಸ್ವರ ಬಂತಾ ಇಲ್ವಾ, ಅಷ್ಟು ಹೇಳಿ ಸಾಕು."

"ಅದೂ ಗೊತ್ತಾಗುದಿಲ್ಲ ಮಾರಾಯ್ರೆ."

ಲಕೋಟೆ ಕೊಡವಿದಾಗ ಒಂದು ಫೋಟೋ ಜಾರಿತು. ನಸೀಬಾ ಹೆಕ್ಕಿಕೊಂಡು ಮದುಮಗಳ ಲೇಸು, ಹೂವು, ಮೂಗು ಎಲ್ಲವನ್ನೂ ಹೊಗಳಿದಳು. ನೂರ್ ಮುಹಮ್ಮದರು ಫೋಟೋ ಕಿತ್ತುಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಕಲ್ಲಿನ ದಾರಿ ಬೆಟ್ಟದ ಮೇಲಿನವರೆಗೆ ಏರಿತ್ತು. ಕೆಳಗಿನ ಮನೆಗಳು ಆಗಲೇ ಬೆಂಕಿಪೆಟ್ಟಿಗೆಯಷ್ಟು ಸಣ್ಣವಾಗಿದ್ದವು, ಇಗರ್ಜಿಯ ಬಾಗಿಲು ಹತ್ತು ಹೆಜ್ಜೆಯಲ್ಲಿತ್ತು. ಮುಂದೆ ನಡೆಯುತ್ತಿದ್ದ ಯಾನ್ನಿಯ ಕಂಕುಳ ಬಳಿ ಹೆಬ್ಬೆರಳಿಟ್ಟು ಅವರು ತುಂಬ ಹೊತ್ತು ನೋಡಿದರು.

"ಬಾಪಾ, ಎಂತ ಕಾಣ್ತದೆ?"

"ಚೀಲ ತುಂಬಿ ಉಂಟು," ಎಂದರು ಅವರು. ಹೆಬ್ಬೆರಳು ಇಗರ್ಜಿಯ ಬಾಗಿಲಿಗೆ ಸರಿಯಿತು.

ನಸೀಬಾ ಅವರ ಭುಜದ ಹಿಂದಿನಿಂದ ಬಗ್ಗಿ ನೋಡಿದಳು. ಕೈಕೈ ಹಿಡಿದವರ ಸಾಲು ದಾರಿಯ ತಿರುವಿನವರೆಗೂ ಇತ್ತು. ಎಲ್ಲಕ್ಕಿಂತ ಕೊನೆಯಲ್ಲಿ ಕರಿಯ ಬಟ್ಟೆಯ ಮುದುಕಿಯೊಬ್ಬಳ ಕಾಲು ನೆಲ ಬಿಟ್ಟು ಮೇಲಿತ್ತು.