ಹಡಗಿನ ಏಣಿಗೆ ಒಂಬೈನೂರು ಗಂಟು

ಅರ್ಜುನಪ್ಪನ ಹಡಗು ನಾಲ್ಕು ವರ್ಷದಿಂದ ರುದ್ರಾಣಿಯ ಹೊಲಿಗೆ ಮಿಷನ್ನಿನ ಮೇಲೆ ನಿಂತಿತ್ತು. ಚಾಮರಾಜಪೇಟೆಯ ವಠಾರದ ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಬೇರೆ ಜಾಗವಿರಲಿಲ್ಲ. ಒಂದು ದಿಂಬಿನ ಚೀಲ ಹೊಲಿಯಬೇಕೆಂದರೂ ರುದ್ರಾಣಿ ಮೊದಲು ಗಂಡನನ್ನು ಕರೆಯಬೇಕು, ಅವನು ಎರಡು ಕೈಯಲ್ಲೂ ಹಡಗನ್ನೆತ್ತಿ ಮಂಚದ ಮೇಲಿಡಬೇಕು, ಹೊಲಿಗೆ ಮುಗಿಯುವ ತನಕ ಮಂಚದ ಮೇಲೆ ಯಾರೂ ಕೂರಬಾರದು.

"ನಮ್ಮನೇಲಿ ಮಲಗೋಕೆ ಪುರುಸೊತ್ತಿರೋದು ಹಡಗಿಗೆ ಮಾತ್ರ," ಎನ್ನುತ್ತಿದ್ದಳು ಅವಳು.

ಅರ್ಜುನಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದವನು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಒಮ್ಮೆ ಅವನಿಗೆ ಮುಖಪುಟವಿಲ್ಲದ ಇಂಗ್ಲಿಷ್ ಪತ್ರಿಕೆಯೊಂದು ಸಿಕ್ಕಿತ್ತು. ಅದರ ನಡುವೆ ಮಡಚಿಟ್ಟ ದೊಡ್ಡ ನಕ್ಷೆ, ಮೂರು ಕಂಬದ ಹಾಯಿಹಡಗಿನದು. ಸಮುದ್ರದ ಮೇಲೆ ಅವನಿಗೆ ಆಸೆಯೇನೂ ಹುಟ್ಟಲಿಲ್ಲ. ನಕ್ಷೆಯ ಗೆರೆಗಳು ಅಷ್ಟು ಅಚ್ಚುಕಟ್ಟಾಗಿದ್ದವು, ಅದನ್ನು ಹಾಗೇ ಬಿಡುವುದು ತಪ್ಪು ಎನ್ನಿಸಿತು, ಅಷ್ಟೆ. ಎಂಟು ಅಡಿಗೆ ಒಂದು ಇಂಚು, ಅದು ಅಳತೆ. ಬಳೇಪೇಟೆಯಲ್ಲಿ ವೀಣೆ ಮಾಡುವವರಿಂದ ಹಲಸಿನ ಮರದ ಚೂರು ತಂದು ಒಡಲು ಮಾಡಿದ. ಬೆಂಕಿಕಡ್ಡಿ ಸೀಳಿ ಮೇಲಿನ ಹಾಸುಹಲಗೆ ಮಾಡಿದ. ತನ್ನದೇ ಹಳೆಯ ಪಂಚೆಯನ್ನು ಚಹಾದಲ್ಲಿ ಅದ್ದಿ ಒಣಗಿಸಿ ಹಾಯಿ ಕತ್ತರಿಸಿದ. ಅವನ ಹಡಗಿನಲ್ಲಿ ಅಳತೆ ತಪ್ಪಿದ್ದು ಒಂದೂ ಇರಲಿಲ್ಲ. ತಪ್ಪಿದ್ದನ್ನೆಲ್ಲ ಕಿತ್ತು ಮತ್ತೆ ಮಾಡಿದ್ದ. ಆದ್ದರಿಂದಲೇ ನಾಲ್ಕು ವರ್ಷ.

೧೯೮೧ರ ಬೇಸಿಗೆಯಲ್ಲಿ ಅವನ ಅತ್ತೆ ಮುತ್ಯಾಲಮ್ಮ ಬಂದಳು. ಸಿಟಿ ಮಾರ್ಕೆಟ್ಟಿನಲ್ಲಿ ಮೂವತ್ತೈದು ವರ್ಷದಿಂದ ಹೂವು ಮಾರುವ ಹೆಂಗಸು, ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ನಲವತ್ತು ದಿನ ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ಒಲೆಯ ಮುಂದೆ ಕೂರುವ ಹಾಗಿಲ್ಲ, ಕಪ್ಪು ಕನ್ನಡಕ ತೆಗೆಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಇಷ್ಟನ್ನೂ ಮಾಡದೆ ಮಾಡಬಹುದಾದ ಕೆಲಸ ಯಾವುದು ಎಂದು ಮಾತ್ರ ಹೇಳಿರಲಿಲ್ಲ.

ಇನ್ನೊಂದು ತೊಡಕಿತ್ತು. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಮುತ್ಯಾಲಮ್ಮ ಅಳಿಯನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇಲ್ಲ, ಮರ್ಯಾದೆ. ಅಳಿಯ ಎದುರಿಗೆ ಬಂದರೆ ಸೆರಗು ಹೊದ್ದು ಗೋಡೆಯತ್ತ ತಿರುಗುತ್ತಿದ್ದಳು. ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಿದ್ದಳು. ಹಬ್ಬಕ್ಕೆ ಒಂದು ದಿನ ಬಂದು ಹೋಗುವಾಗ ಇದು ನಡೆಯುತ್ತಿತ್ತು. ನಲವತ್ತು ದಿನವೆಂದರೆ ರುದ್ರಾಣಿಗೆ ಬೇರೆ ಕೆಲಸವೂ ಇರುತ್ತಿತ್ತಲ್ಲ. ಮೂರನೆಯ ದಿನಕ್ಕೇ ಅವಳು ನೀರಿಗೆಂದು ನಲ್ಲಿಯ ಹತ್ತಿರ ಹೋದಾಗ ಮುತ್ಯಾಲಮ್ಮನಿಗೆ ಮಾತು ತಡೆಯಲಾಗಲಿಲ್ಲ. ಮನೆಯಲ್ಲಿ ಮೂರನೆಯವರೆಂದು ಇದ್ದದ್ದು ಹಡಗು. ಅದಕ್ಕೇ ಹೇಳಿದಳು.

"ಏನಪ್ಪಾ ಹಡಗಪ್ಪ, ನಿನ್ ಯಜಮಾನ್ರು ಬೆಳಿಗ್ಗೆ ಕಾಫಿ ಕುಡಿದ್ರೋ ಇಲ್ವೋ?"

ಅರ್ಜುನಪ್ಪ, "ಕುಡಿದಾಯ್ತು ಅಂತ ಹೇಳಪ್ಪ," ಎಂದು ಹಡಗಿಗೇ ಹೇಳಿದ.

ಆವತ್ತಿನಿಂದ ಅದೇ ರೂಢಿಯಾಯಿತು.

ಆಗ ಅವನ ಕೆಲಸ ಹಗ್ಗದ ಏಣಿಗಳಿಗೆ ಬಂದು ನಿಂತಿತ್ತು. ಹಾಯಿಹಡಗಿನ ಪ್ರತಿ ಕಂಬಕ್ಕೂ ಎರಡು ಬದಿಯಲ್ಲಿ ಹಗ್ಗಗಳನ್ನು ಇಳಿಬಿಟ್ಟು, ಅಡ್ಡಕ್ಕೆ ಸಣ್ಣ ಹಗ್ಗ ಕಟ್ಟಿ ಏಣಿ ಮಾಡಿರುತ್ತಾರೆ, ನಾವಿಕರು ಮೇಲಕ್ಕೆ ಹತ್ತುವುದಕ್ಕೆ. ಒಟ್ಟು ಆರು ಏಣಿ. ಒಂದೊಂದರಲ್ಲಿ ಆರು ಉದ್ದದ ಹಗ್ಗ, ಇಪ್ಪತ್ತೈದು ಮೆಟ್ಟಿಲು, ಸೇರುವಲ್ಲೆಲ್ಲ ಒಂದು ಗಂಟು. ಅರ್ಜುನಪ್ಪ ಲೆಕ್ಕ ಹಾಕಿದ್ದ, ಒಂಬೈನೂರು ಗಂಟು. ಮೇಣ ಉಜ್ಜಿದ ದಾರವನ್ನು ಚಿಮಟದಲ್ಲಿ ಹಿಡಿದು, ಪತ್ರಿಕೆಯಲ್ಲಿದ್ದ ಚಿತ್ರ ನೋಡಿ, ಉಸಿರು ಬಿಗಿಹಿಡಿದು ಕಟ್ಟುತ್ತಿದ್ದ. ಸಂಜೆಗೆ ಹತ್ತು ಗಂಟಾದರೆ ಹೆಚ್ಚು. ಕಚೇರಿಯ ಮನರಂಜನಾ ಸಂಘದವರು ಹವ್ಯಾಸಗಳ ಪ್ರದರ್ಶನ ಇಟ್ಟುಕೊಂಡಿದ್ದರು, ಅದಕ್ಕೆ ಉಳಿದದ್ದು ಇಪ್ಪತ್ತನಾಲ್ಕು ದಿನ.

ಮುತ್ಯಾಲಮ್ಮ ಗೋಡೆಗೊರಗಿ ಕೂತು ಇದನ್ನೆಲ್ಲ ಕಪ್ಪು ಕನ್ನಡಕದೊಳಗಿಂದ ನೋಡುತ್ತಿದ್ದಳು.

"ಹಡಗಪ್ಪ, ಅವ್ರು ಗಂಟು ಹಾಕ್ತಿದಾರೋ ಗಂಟಿಗೆ ಪೂಜೆ ಮಾಡ್ತಿದಾರೋ, ಸ್ವಲ್ಪ ಕೇಳಿ ಹೇಳು."

"ಇದು ಕಷ್ಟದ ಗಂಟು ಅಂತ ಹೇಳಪ್ಪ."

"ಅದೇನ್ ಕಷ್ಟ. ಎರಡು ಸುತ್ತು, ಒಂದು ಒಳಗೆ. ಮಲ್ಲಿಗೆಗೆ ಹಾಕೋದು ಅದೇ ಅಲ್ವಾ."

ಅರ್ಜುನಪ್ಪ ಚಿತ್ರ ನೋಡಿದ. ಎರಡು ಸುತ್ತು, ಒಂದು ಒಳಗೆ. ಹೌದು. ಆದರೆ ಹೌದು ಎಂದು ಹಡಗಿಗೆ ಹೇಳಲಿಲ್ಲ.

ಮರುದಿನ ಅವನು ಕಚೇರಿಗೆ ಹೋದ ಮೇಲೆ ಮುತ್ಯಾಲಮ್ಮ ಮಗಳ ಕೈಯಲ್ಲಿ ಸೂಜಿಗೆ ದಾರ ಪೋಣಿಸಿಕೊಂಡಳು. ಯಾವುದಕ್ಕೆ ಎಂದು ರುದ್ರಾಣಿ ಕೇಳಲಿಲ್ಲ, ಅಮ್ಮ ಎಲ್ಲೋ ಹೂವು ತರಿಸಿರಬೇಕು ಎಂದುಕೊಂಡಳು. ಸಂಜೆ ಅರ್ಜುನಪ್ಪ ಬಂದು ಚಪ್ಪಲಿ ಬಿಡುವಾಗಲೇ ಅವನ ಕಣ್ಣು ನಡುಗಂಬದ ಮೇಲೆ ಬಿತ್ತು. ಎಡಬದಿಯ ಏಣಿ ಬುಡದಿಂದ ತುದಿಯ ತನಕ ಮುಗಿದಿತ್ತು. ಹತ್ತಿರ ಹೋಗಿ ಭೂತಗನ್ನಡಿ ಹಿಡಿದ. ಒಂದೊಂದು ಗಂಟೂ ಸಾಸಿವೆಯಷ್ಟು, ಎಲ್ಲ ಒಂದೇ ದಪ್ಪ, ಒಂದೇ ಬಿಗಿ. ಅವನು ಹಾಕಿದ ಗಂಟುಗಳು ಪಕ್ಕದಲ್ಲಿ ಹುಣಸೆಬೀಜದಂತೆ ಕಂಡವು.

ಮುತ್ಯಾಲಮ್ಮ ಗೋಡೆಯತ್ತ ತಿರುಗಿ ಕೂತಿದ್ದಳು. ಅವಳ ಬೆನ್ನಿನಲ್ಲೇ ಹೆಮ್ಮೆ ಕಾಣುತ್ತಿತ್ತು.

ಅರ್ಜುನಪ್ಪ ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನು ಸ್ಕೇಲು ತೆಗೆದ. ಇಂಚಿಗೆ ಆರು ಮೆಟ್ಟಿಲು ಇರಬೇಕಾದಲ್ಲಿ ನಾಲ್ಕೇ ಇದ್ದವು.

ಊಟಕ್ಕೆ ಕೂತಾಗ ಅವನು ಹುಳಿಯನ್ನು ಎರಡು ಸಲ ಹಾಕಿಸಿಕೊಂಡ. ಅಡಿಗೆಮನೆಯಲ್ಲಿ ರುದ್ರಾಣಿಯ ಹತ್ತಿರ ಪಿಸುಗುಟ್ಟಿದ.

"ಬಿಚ್ಚಬೇಕು ಕಣೇ. ಅಳತೆ ತಪ್ಪಿದೆ."

"ಬಿಚ್ಚಿ."

"ನೀನು ಅವ್ರಿಗೆ ಹೇಳು."

"ನಾನ್ಯಾಕ್ ಹೇಳ್ಲಿ? ಹಡಗು ನಿಮ್ದು, ಅತ್ತೆ ನಿಮ್ಗೆ. ನಡುವೆ ನಾನೇನು ಪೋಸ್ಟ್‌ಮ್ಯಾನಾ?"

"ಯಾರ್ಗೂ ಕಾಣಲ್ಲ ಅಂತ ಬಿಟ್ಬಿಡ್ಲಾ?"

"ಬಿಟ್ಬಿಡಿ. ನಿಮ್ ಕೈಲಾದ್ರೆ."

ಅವನ ಕೈಯಲ್ಲಿ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎರಡು ಕೋಣೆಯ ಮನೆಯಲ್ಲಿ ಪಿಸುಮಾತು ಎಷ್ಟು ದೂರ ಹೋಗುತ್ತದೆ ಎನ್ನುವುದನ್ನು ಮಾತ್ರ ಇಬ್ಬರೂ ಮರೆತಿದ್ದರು.

ಬೆಳಿಗ್ಗೆ ಅವನು ಬ್ಲೇಡು ಹಿಡಿದು ಹಡಗಿನ ಮುಂದೆ ಕೂತ. ಕತ್ತರಿಸಲು ಕೈ ಬರಲಿಲ್ಲ. ಅಷ್ಟು ಚಂದದ ಗಂಟುಗಳು. ಹಿಂದಿನಿಂದ ಮುತ್ಯಾಲಮ್ಮನ ದನಿ ಬಂತು.

"ಹಡಗಪ್ಪ, ಯಾವ್ ಗಂಟು ಸಡಿಲ ಆಗಿದೆ ಅಂತ ಕೇಳು. ಮೂವತ್ತೈದು ವರ್ಷದಲ್ಲಿ ನಾನ್ ಕಟ್ಟಿದ್ದು ಬಿಚ್ಕೊಂಡಿದೆ ಅಂತ ಒಬ್ರೂ ವಾಪಸ್ ತಂದಿಲ್ಲ."

ಅರ್ಜುನಪ್ಪ ಬ್ಲೇಡು ಕೆಳಗಿಟ್ಟ. ಹಡಗಿನ ಕಡೆಯಿಂದ ಪೂರ್ತಿ ತಿರುಗಿ ಕೂತ.

"ಗಂಟು ಸಡಿಲ ಇಲ್ಲ ಅತ್ತೆ. ಅಂಥ ಗಂಟು ನನ್ ಜನ್ಮದಲ್ಲಿ ನನ್ ಕೈಲಿ ಆಗಲ್ಲ. ಮೆಟ್ಟಿಲು ದೂರ ಆಗೋಗಿದೆ. ನೋಡಿ, ಈ ಹಡಗಿನ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಂದ್ರೆ ಇಷ್ಟೇ ಇಷ್ಟು." ಕಿರುಬೆರಳಿನ ತುದಿಯ ಗೆಣ್ಣು ತೋರಿಸಿದ. "ಅವನು ಆ ಏಣಿ ಹತ್ಬೇಕು. ನೀವು ಕಟ್ಟಿರೋ ಒಂದೊಂದ್ ಮೆಟ್ಟಿಲೂ ಅವನಿಗೆ ಎರಡಡಿ. ನಮ್ಮ ಸಿಟಿ ಬಸ್ಸಿನ ಮೆಟ್ಟಿಲಿಗಿಂತ ಎತ್ತರ."

ಮುತ್ಯಾಲಮ್ಮನಿಗೆ ಲೋಕದಲ್ಲಿ ಬಹಳ ಸಿಟ್ಟಿದ್ದ ವಸ್ತುಗಳಲ್ಲಿ ಸಿಟಿ ಬಸ್ಸಿನ ಮೊದಲನೇ ಮೆಟ್ಟಿಲು ಒಂದು. ಹೂವಿನ ಬುಟ್ಟಿ ಹೊತ್ತು ಅದನ್ನು ದಿನಾ ಹತ್ತಿ ಅವಳ ಮಂಡಿ ಸವೆದಿತ್ತು. ಅವಳು ಗೋಡೆಯಿಂದ ಈಚೆಗೆ ತಿರುಗಿದಳು.

"ಎಲ್ಲಾ ಮೆಟ್ಟಿಲೂನಾ?"

"ಎಲ್ಲಾ ಹದಿನೇಳೂ."

"ಅಯ್ಯೋ ಪಾಪ. ಬಿಚ್ಚಿ ಅಳಿಮಯ್ಯ, ಬಿಚ್ಚಿ. ಅದ್ಯಾವ ತಾಯಿ ಮಕ್ಕಳೋ ಏನೋ."

ಒಂಬತ್ತು ವರ್ಷದಲ್ಲಿ ಅವಳು ನೇರವಾಗಿ ಅವನಿಗೆ ಆಡಿದ ಮೊದಲನೇ ಮಾತುಗಳು ಅವು. ಆಡಿದ ಮೇಲೆ ಅವಳಿಗೇ ನಾಚಿಕೆಯಾಗಿ ಸೆರಗು ಎಳೆದುಕೊಂಡಳು, ಆದರೆ ಗೋಡೆಗೆ ಮತ್ತೆ ತಿರುಗಲಿಲ್ಲ. ರುದ್ರಾಣಿ ಬಾಗಿಲಲ್ಲಿ ನೀರಿನ ಕೊಡ ಹಿಡಿದುಕೊಂಡೇ ನಿಂತಿದ್ದಳು.

ಅರ್ಜುನಪ್ಪ ರಟ್ಟಿನ ಪಟ್ಟಿಯೊಂದಕ್ಕೆ ಇಂಚಿಗೆ ಆರರಂತೆ ಕಚ್ಚು ಕೊಯ್ದು ಕೊಟ್ಟ. ಕಣ್ಣಿಗೆ ಕೆಲಸ ಬೇಡ, ಉಗುರಿಗೆ ಕಚ್ಚು ಸಿಕ್ಕಿದರೆ ಸಾಕು ಎಂದು ಮುತ್ಯಾಲಮ್ಮ ಹೇಳಿದಳು. ರುದ್ರಾಣಿ ಒಪ್ಪಲಿಲ್ಲ. ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕೆಂದು ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಗ್ಗದೆ, ಕಣ್ಣಿಗೆ ಶ್ರಮ ಕೊಡದೆ ದಿನಕ್ಕೆ ಒಂದು ಗಂಟೆ ಹೂವು ಕಟ್ಟಬಹುದು ಎಂದು ಡಾಕ್ಟರು ಒಪ್ಪಿದರು. ಹೂವು ಎಂದಷ್ಟೇ ಮುತ್ಯಾಲಮ್ಮ ಅವರಿಗೆ ಹೇಳಿದ್ದಳು.

ಆಮೇಲೆ ಮಧ್ಯಾಹ್ನಗಳಲ್ಲಿ ವಠಾರದ ಹೆಂಗಸರು ಬಂದು ಬಾಗಿಲಲ್ಲಿ ನಿಲ್ಲತೊಡಗಿದರು. ಮುತ್ಯಾಲಮ್ಮ ಮಂಚದ ಮೇಲೆ ನೆಟ್ಟಗೆ ಕೂತಿರುತ್ತಿದ್ದಳು, ಎದುರಿಗೆ ಎದೆಯ ಎತ್ತರಕ್ಕೆ ಹಡಗು, ಮುಖದ ಮೇಲೆ ಕಪ್ಪು ಕನ್ನಡಕ. ಬಂದವರ ಜೊತೆ ಮಾತಾಡುತ್ತಲೇ ಬೆರಳು ಓಡುತ್ತಿತ್ತು.

"ಮೊಳಕ್ಕೆಷ್ಟು ಮುತ್ಯಾಲಮ್ಮ?" ಎಂದು ಪಕ್ಕದ ಮನೆಯ ಪಿಳ್ಳಮ್ಮ ಕೇಳಿದಳು.

"ಇದು ಮೊಳದ ಲೆಕ್ಕ ಅಲ್ಲಮ್ಮ, ಇಂಚಿಗೆ ಆರು," ಎಂದಳು ಮುತ್ಯಾಲಮ್ಮ. ಅಳಿಯನ ಹತ್ತಿರ ಕಲಿತ ಮಾತನ್ನು ಅವಳು ಆಗಲೇ ತನ್ನದು ಮಾಡಿಕೊಂಡಿದ್ದಳು.

ದಿನಕ್ಕೆ ಒಂದು ಗಂಟೆ ಎಂದದ್ದು ಒಂದೂವರೆಯಾಗುತ್ತಿತ್ತು, ರುದ್ರಾಣಿ ಬಂದು ಸೂಜಿ ಕಸಿದುಕೊಳ್ಳುತ್ತಿದ್ದಳು. ಹದಿನೈದನೆಯ ದಿನ ಆರು ಏಣಿಯೂ ಮುಗಿದವು. ಅರ್ಜುನಪ್ಪ ಎಲ್ಲವನ್ನೂ ಅಳೆದ. ಹಿಂಬದಿಯ ಕಂಬದಲ್ಲಿ ತಾನೇ ಕಟ್ಟಿದ್ದ ನಾಲ್ಕು ಮೆಟ್ಟಿಲು ಕೂದಲೆಳೆಯಷ್ಟು ಸೊಟ್ಟಗಿದ್ದವು. ಅವನೇ ಅದನ್ನು ಅತ್ತೆಗೆ ತೋರಿಸಿ ಬಿಚ್ಚಿಕೊಟ್ಟ.

ಪ್ರದರ್ಶನದ ದಿನ ಮೂವರೂ ಆಟೋದಲ್ಲಿ ಹೋದರು. ಕಚೇರಿಯ ಸಭಾಂಗಣದಲ್ಲಿ ಹಡಗಿನ ಒಂದು ಪಕ್ಕದಲ್ಲಿ ಬೆಂಕಿಕಡ್ಡಿಯ ವಿಧಾನಸೌಧ, ಇನ್ನೊಂದು ಪಕ್ಕದಲ್ಲಿ ಅಂಚೆಚೀಟಿ. ತೀರ್ಪುಗಾರರಾಗಿ ಬಂದವರು ಶ್ರೀನಿವಾಸಯ್ಯ ಎನ್ನುವವರು. ಬೊಂಬಾಯಿಯಲ್ಲಿ ಸರಕುಹಡಗಿನ ಕಂಪನಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಬಸವನಗುಡಿಯಲ್ಲಿ ಮನೆ ಮಾಡಿಕೊಂಡಿದ್ದವರು. ಹಡಗಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು.

"ಈ ಗಂಟು ಯಾರು ಹಾಕಿದ್ದು?"

"ನಮ್ಮ ಅತ್ತೆ, ಸರ್."

ಶ್ರೀನಿವಾಸಯ್ಯ ಕಪ್ಪು ಕನ್ನಡಕದ ಹೆಂಗಸಿನ ಕಡೆಗೆ ನೋಡಿದರು. "ತಾವು ಸಮುದ್ರದ ಕಡೆಯವ್ರಾಮ್ಮ? ಮಂಗಳೂರು, ಕಾರವಾರ?"

"ಇಲ್ಲ ಸ್ವಾಮಿ, ಕಲಾಸಿಪಾಳ್ಯ."

ಮೊದಲನೇ ಬಹುಮಾನ ವಿಧಾನಸೌಧಕ್ಕೆ ಹೋಯಿತು. ಸರ್ಕಾರಿ ಕಚೇರಿಯಲ್ಲಿ ಹಾಗಲ್ಲದೆ ಬೇರೆ ಆಗುವುದು ಹೇಗೆ ಎಂದು ರುದ್ರಾಣಿ ಗಂಡನ ಕಿವಿಯಲ್ಲಿ ಹೇಳಿದಳು. ಹಡಗಿಗೆ ಎರಡನೆಯದು. ಪ್ರಶಸ್ತಿಪತ್ರದಲ್ಲಿ ಅರ್ಜುನಪ್ಪನ ಹೆಸರೊಂದೇ ಇತ್ತು. ಅವನು ಅದನ್ನು ಪಕ್ಕದ ಮೇಜಿಗೆ ಒಯ್ದು, ಜೇಬಿನಿಂದ ನಕ್ಷೆಯ ಪೆನ್ನು ತೆಗೆದು, ತನ್ನ ಹೆಸರಿನ ಮುಂದೆ 'ಮತ್ತು ಶ್ರೀಮತಿ ಮುತ್ಯಾಲಮ್ಮ' ಎಂದು ಅಚ್ಚಿನ ಅಕ್ಷರದಂತೆ ಬರೆದ. ಸಂಘದ ಕಾರ್ಯದರ್ಶಿ ನೋಡಿಯೂ ನೋಡದವನಂತೆ ಹೋದ.

ಮುತ್ಯಾಲಮ್ಮನಿಗೆ ಓದು ಬರದು. "ಇದ್ರಲ್ಲಿ ನಾನ್ ಯಾವ್ದು?" ಎಂದಳು. ಅವನು ಬೆರಳಿಟ್ಟು ತೋರಿಸಿದ. ಅವಳು ಅಕ್ಷರಗಳ ಮೇಲೆ ಮೆಲ್ಲಗೆ ಉಗುರು ಆಡಿಸಿದಳು. ಮಸಿ ಇನ್ನೂ ಹಸಿಯಿತ್ತು, ಸ್ವಲ್ಪ ಅಳಿಸಿಕೊಂಡಿತು. ಅರ್ಜುನಪ್ಪ ಅದನ್ನು ತಿದ್ದಲಿಲ್ಲ.

ವಾಪಸ್ಸು ಬರುವಾಗ ಆಟೋದಲ್ಲಿ ಹಡಗು ಅವಳ ತೊಡೆಯ ಮೇಲಿತ್ತು. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಎಷ್ಟು ದಿನ ಹಿಡಿಯುತ್ತಿತ್ತು, ಅಡಿಗೆ ಯಾರು ಮಾಡುತ್ತಿದ್ದರು ಎಂದು ಅವಳು ಒಂದೊಂದಾಗಿ ಕೇಳಿದಳು. ಗಂಡಸರೇ ಮಾಡುತ್ತಿದ್ದರು ಎಂದಾಗ, "ಅದಕ್ಕೇ ಅಷ್ಟು ಜನ ಕಂಬ ಹತ್ಕೊಂಡು ಕೂತಿರ್ತಿದ್ರು," ಎಂದಳು. ಅರ್ಜುನಪ್ಪ ನಕ್ಕ. ರುದ್ರಾಣಿ ಎರಡು ಸಲ ಏನೋ ಹೇಳಲು ಹೋದಳು, ಇಬ್ಬರೂ ಅವಳಿಗೆ ಸಂದು ಕೊಡಲಿಲ್ಲ.

ನಲವತ್ತು ದಿನ ಮುಗಿದು ಮುತ್ಯಾಲಮ್ಮ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಮಾರ್ಕೆಟ್ಟಿಗೆ ಮರಳಿದಳು. ಅರ್ಜುನಪ್ಪ ಈಗ ಕಚೇರಿಯಿಂದ ಬರುವಾಗ ಎರಡು ಸ್ಟಾಪು ಮೊದಲೇ ಇಳಿದು, ಅವಳ ಬುಟ್ಟಿಯ ಪಕ್ಕದಲ್ಲಿ ನಿಂತು ಮುಂದಿನ ಹಡಗಿನ ಮಾತಾಡುತ್ತಾನೆ. ಐದು ಕಂಬದ್ದು ಬೇಡ, ಮೂರೇ ಸಾಕು ಎಂದು ಅವಳು. ನಾಲ್ಕಾದರೂ ಇರಲಿ ಎಂದು ಅವನು. ಮಲ್ಲಿಗೆಯ ಪೊಟ್ಟಣ ಹಿಡಿದು ತಡವಾಗಿ ಮನೆಗೆ ಬಂದರೆ ರುದ್ರಾಣಿ ಬಾಗಿಲಲ್ಲೇ ಕೇಳುತ್ತಾಳೆ, "ಎಷ್ಟಾಯ್ತು ಕಂಬ?"

"ಇನ್ನೂ ಇತ್ಯರ್ಥ ಆಗಿಲ್ಲ," ಎನ್ನುತ್ತಾನೆ ಅವನು.